ಒಪ್ಪಂದದ ಮೂರನೆಯ ಪುಟ

ನವೆಂಬರ್ 9, 2023. ಗುರುವಾರ

ಅಪ್ಪ ಇವತ್ತೂ ಹಂಪಿಯಿಂದ ಹನ್ನೊಂದಕ್ಕೇ ವಾಪಸ್. ಗೈಡ್ ಕಾರ್ಡ್ ಕೊರಳಿನಿಂದ ತೆಗೆದು ಮೊಳೆಗೆ ಹಾಕಿದರು. ಟಿವಿ ಹಚ್ಚಿದರು. ಯುದ್ಧ, ನಿರ್ಬಂಧ, ತೈಲ... ರಷ್ಯನ್ನರ ಗುಂಪು ಬಂದು ಎರಡು ವರ್ಷವಾಗುತ್ತ ಬಂತು. ಅವರ ಬ್ಯಾಂಕ್ ಕಾರ್ಡ್ ಇಲ್ಲಿ ನಡೆಯುವುದಿಲ್ಲವಂತೆ. ಹಂಪಿಯಲ್ಲಿ ರಷ್ಯನ್ ಗೊತ್ತಿರುವ ಗೈಡ್ ಅಂದರೆ ನಮ್ಮಪ್ಪ ಗೋಪೀನಾಥರು — ಹಾಗೊಂದು ಕಾಲವಿತ್ತು. ಎಲ್ಲೋ ದೇಶದೇಶಗಳು ಮಾತು ಬಿಟ್ಟರೆ ಹೊಸಪೇಟೆಯ ಒಂದು ಮನೆಯಲ್ಲಿ ಒಬ್ಬರು ಮೌನವಾಗುತ್ತಾರೆ.

ಟಿವಿಯ ಜೊತೆ ಮಾತ್ರ ಮಾತು. "ಅಮೆರಿಕ, ಯುರೋಪ್ ಕೂಡಿ ಬಾಗಲಾ ಹಾಕ್ಯಾರ. ಹಾಕ್ಲಿ. ಎಣ್ಣಿ ನಾವು ತೊಗೋತೇವಿ, ಚೀನಾ ತೊಗೋತದ. ರಷ್ಯಾ ಬೀಳೂದಿಲ್ಲ."

"ನಿಮ್ಮ ರಷ್ಯಾ ಬೀಳೂದು ಬ್ಯಾಡ. ಕುಕ್ಕರ್ ಮೂರು ಸೀಟಿ ಹೊಡದದ, ಆರಸ್ರಿ," ಅಂದಳು ಅಮ್ಮ ಬಚ್ಚಲಿನಿಂದ.

ಅತಿಥಿ ಉಪನ್ಯಾಸಕರ ಪಟ್ಟಿ ಬಂತು. ನನ್ನ ಹೆಸರಿಲ್ಲ. ಯಾರಿಗೂ ಹೇಳಿಲ್ಲ.

ನವೆಂಬರ್ 21

ಎಮ್ಮಿಗನೂರಿನಿಂದ ಹುಸೇನಮ್ಮ ಅಂತ ಒಬ್ಬರು ಮಗನನ್ನು ಕರೆತಂದಿದ್ದರು. ಭತ್ತದ ನಾಟಿ ಕೆಲಸ ಮಾಡುವವರು. ಮಗ ಹೊನ್ನೂರುಸ್ವಾಮಿ. ಯಶವಂತನಗರದಲ್ಲಿ ಗಣಿ ಕಂಪನಿಯ ಬಸ್ ಓಡಿಸುತ್ತಿದ್ದ. ಕಾಂಟ್ರ್ಯಾಕ್ಟ್ ಮುಗಿದಿದೆ. ಯಾರೋ ಏಜೆಂಟ್ ಹಿಡಿದು ರಷ್ಯಾಕ್ಕೆ ಹೊರಟಿದ್ದಾನೆ. ಸೆಕ್ಯುರಿಟಿ ಹೆಲ್ಪರ್ ಕೆಲಸವಂತೆ. ನಾಲ್ಕು ಮಾತು ಕಲಿಸಿ ಅಂತ ಬಂದಿದ್ದರು.

ಅಪ್ಪನಿಗೆ ಜೀವ ಬಂತು. "ಅಲ್ಲೆ ಗಂಡಸ್ರೆಲ್ಲ ಯುದ್ಧಕ್ಕ ಹೋಗ್ಯಾರ. ಫ್ಯಾಕ್ಟರಿಗೆ ಮಂದಿ ಸಾಲವಲ್ರು. ಛಲೋ ಟೈಮಿಗೆ ಹೊಂಟೀಯಪಾ."

ಅವನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಂಡ. ವದಾ — ನೀರು. ಖ್ಲೆಬ್ — ಬ್ರೆಡ್ಡು. ಆಮೇಲೆ ತಲೆ ಎತ್ತಿ, "ಮನಿಗೆ ಅನ್ನಾಕ ಏನಂತಾರ್ರೀ ಸರ?"

"ದಮೋಯ್."

"ನೋಡ್ರಿ ಇವನ್ನ," ಹುಸೇನಮ್ಮ ನಕ್ಕರು, "ಹೋಗೂಕಿಂತ ಮೊದ್ಲ ಬರೂದು ಕಲ್ಯಾಕತ್ಯಾನ."

ನಾನೂ ನಕ್ಕೆ. ಅವನು ನನ್ನ ಕಡೆ ನೋಡಿದ. ನೀರು ತರುವ ನೆಪದಲ್ಲಿ ಒಳಗೆ ಹೋದೆ.

ಡಿಸೆಂಬರ್ 18. ಮಧ್ಯಾಹ್ನ 3

ಹುಸೇನಮ್ಮ ಫೋನ್ ಹಿಡಿದು ಓಡಿ ಬಂದರು. ಮಾಸ್ಕೋದಿಂದ ಒಪ್ಪಂದದ ಫೋಟೋ, ಐದು ಪುಟ, ಎಲ್ಲ ರಷ್ಯನ್. ಆ ಕಡೆಯಿಂದ ಅವನ ಧ್ವನಿ: "ಸರ, ಸಂಜಿಕ್ಕ ಸೈನ್ ಹಾಕ್ಬೇಕಂತ್ರಿ. ನೀವು ಓದಿ ಹೇಳ್ರಿ. ನೀವು ಹೂಂ ಅಂದ್ರ ಹಾಕ್ತೀನಿ."

ಅಪ್ಪ ಒಗೆದ ಅಂಗಿ ಹಾಕಿಕೊಂಡು ಬಂದು ಕುಳಿತರು. ಅವರು ಹೇಳುವುದು, ನಾನು ಬರೆಯುವುದು. ಸಹಾಯಕ... ಒಂದು ವರ್ಷ... ಊಟ, ವಸತಿ ಅವರದೇ... ಮೂರನೆಯ ಪುಟದಲ್ಲಿ ಅಪ್ಪನ ಬೆರಳು ನಿಂತಿತು. ತುಟಿ ಆಡಿತು. ಹಣೆಯ ಮೇಲೆ ಬೆವರು, ಡಿಸೆಂಬರಿನಲ್ಲಿ.

"ಇದೆಲ್ಲಾ ಕಾಯ್ದೆ ಮಾತು. ಮಾಲಕರು ಹೇಳಿದ್ದು ಮಾಡ್ಬೇಕು ಅಂತದ. ಮುಂದ ಹೋಗು."

ಹುಸೇನಮ್ಮ ಅಪ್ಪನ ಬಾಯಿಯನ್ನೇ ನೋಡುತ್ತಿದ್ದರು. ನಾನು ಬರೆದೆ — ಇದಲ್ಲದೆ, ಒಪ್ಪಂದದ ಅವಧಿಯಲ್ಲಿ ಮಾಲೀಕರು ವಹಿಸುವ ಇತರ ಕೆಲಸಗಳನ್ನು ಶ್ರದ್ಧೆಯಿಂದ ನಿರ್ವಹಿಸತಕ್ಕದ್ದು.

'ಶ್ರದ್ಧೆಯಿಂದ' ಅಪ್ಪ ಹೇಳಿದ್ದಲ್ಲ. ವಾಕ್ಯಕ್ಕೆ ಬೇಕೆನಿಸಿತು. ಒಂದೇ ಹಾಳೆ, ಒಂದೂ ಚಿತ್ತಿಲ್ಲ. ಫೋಟೋ ತೆಗೆದು ಕಳಿಸಿದೆ. ವಾಯ್ಸ್ ಮೆಸೇಜ್ ಬಂತು: "ಅಕ್ಕಾರ, ಭಾಳ ಚಂದ ಬರ್ದೀರ್ರಿ. ಓದಿ ಧೈರ್ಯ ಬಂತು."

ಅದನ್ನು ಮೂರು ಸಲ ಕೇಳಿದೆ.

ಅದೇ ದಿನ. 4.40

ಮನಸ್ಸು ತಡೆಯಲಿಲ್ಲ. ಮೂರನೆಯ ಪುಟವನ್ನು ಮೊಬೈಲಿನ ಅನುವಾದದ ಆ್ಯಪಿಗೆ ಹಾಕಿದೆ. ಸೇನಾ ಸೇವೆ. ರಕ್ಷಣಾ ಸಚಿವಾಲಯ. ಯುದ್ಧ ಕಾರ್ಯಾಚರಣೆಯಲ್ಲಿ ಭಾಗವಹಿಸುವುದು. ಆ್ಯಪಿನ ಕನ್ನಡ ಕೆಟ್ಟದಾಗಿದೆ, ಆದರೆ ಮುಚ್ಚಿಟ್ಟಿಲ್ಲ.

ಅಪ್ಪನಿಗೆ ತೋರಿಸಿದೆ. ಫೋನ್ ಕೈಗೂ ತೆಗೆದುಕೊಳ್ಳಲಿಲ್ಲ. "ಅಲ್ಲೆ ಎಲ್ಲಾ ಸರ್ಕಾರಿ ಕಾಗದದಾಗ ಹಂಗ ಬರೀತಾರ. ಹೈದರಾಬಾದಿನ್ಯಾಗ ಎರಡು ವರ್ಷ ಕಲ್ತು, ಮೂವತ್ತು ವರ್ಷ ಮಾತಾಡಿದವ ನಾನು. ನಿನ್ನ ಮೊಬೈಲ್ ನನಗ ಹೇಳ್ತದೇನು?"

ಮಾಸ್ಕೋ ಎರಡೂವರೆ ತಾಸು ಹಿಂದೆ. ಅಲ್ಲಿ ಈಗ ಮಧ್ಯಾಹ್ನ ಎರಡು ಗಂಟೆ, ಸಂಜೆಗೆ ಇನ್ನೂ ಹೊತ್ತಿದೆ. ನಂಬರ್ ನನ್ನ ಹತ್ತಿರವೇ ಇದೆ. ಟೈಪ್ ಮಾಡಿದೆ — ಸೈನ್ ಮಾಡಬೇಡಿ, ಮೂರನೆಯ ಪುಟದಲ್ಲಿ...

ಹೊರಗೆ ಅಪ್ಪ ಪಕ್ಕದ ಮನೆಯ ಕೊಟ್ರಯ್ಯನವರಿಗೆ ಹೇಳುತ್ತಿದ್ದರು, ಐದು ಪುಟ ಹೆಂಗೆ ಓದಿದೆ ಅಂತ. ಎಷ್ಟು ದಿನವಾಗಿತ್ತು ಆ ಧ್ವನಿ ಕೇಳಿ.

ಅಳಿಸಿದೆ.

ಡಿಸೆಂಬರ್ 19

ಸೈನ್ ಆಯಿತಂತೆ. ಅಪ್ಪ ಒಗ್ಗರಣೆ ಮಂಡಾಳು, ಮಿರ್ಚಿ ತಂದರು. ತಿಂದೆ.

ಜನವರಿ 23, 2024

ಫೋಟೋ ಬಂದಿದೆ. ಹಸಿರು ಬಟ್ಟೆ. ಹಿಮ. ಕೈಯಲ್ಲಿ ಬಂದೂಕು, ಮಗು ಎತ್ತಿಕೊಂಡವನ ಹಾಗೆ ಹಿಡಿದಿದ್ದಾನೆ.

"ಸೆಕ್ಯುರಿಟಿಗೆ ಬಂದೂಕು ಕೊಡೂದಿಲ್ಲೇನು?" ಅಂದರು ಅಪ್ಪ. ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಈಗ ಟಿವಿ ಹಚ್ಚುವುದಿಲ್ಲ.

ಫೆಬ್ರವರಿ 27

ನನಗೇ ಕಾಲ್. ಹೊಸ ನಂಬರ್, ಗರಗರ ಸದ್ದು.

"ಅಕ್ಕಾರ, ನಮ್ಮವ್ವಗ ಹೇಳಬ್ಯಾಡ್ರಿ. ನೆಲ ಅಗಿಯಾಕ ಹಚ್ಯಾರ. ಮ್ಯಾಲಿಂದ ಡ್ರೋನ್ ಬರ್ತಾವು. ನನ್ನ ಕಾಗದದಾಗ ಹಿಂಗಿಲ್ಲ ಅಂತ ಆಫೀಸರ್‌ಗೆ ನಿಮ್ಮ ಹಾಳಿ ತೋರ್ಸಿದೆ, ಫೋನಿನ್ಯಾಗ. ನಕ್ರು."

ನಾನು ಏನೋ ಅಂದೆ. ಹುಷಾರು ಅಂದೆನೇನೋ.

"ಸರ್ ಹೇಳಿದ್ದೆಲ್ಲ ಮರ್ತೈತ್ರಿ. ದಮೋಯ್ ಒಂದs ನೆನಪೈತಿ." ನಕ್ಕ ಹಾಗಾಯಿತು. ಕಟ್ಟಾಯಿತು.

ಆಗಲಾದರೂ ಹೇಳಬಹುದಿತ್ತು. ನನಗೆ ಗೊತ್ತಿತ್ತು ಅಂತ.

ಏಪ್ರಿಲ್ 8

ಮಾರ್ಚ್ ತಿಂಗಳೆಲ್ಲ ಫೋನಿಲ್ಲ, ಮೆಸೇಜಿಲ್ಲ. ಹುಸೇನಮ್ಮನ ಜೊತೆ ಬಳ್ಳಾರಿಯ ಡಿ.ಸಿ. ಕಚೇರಿಗೆ ಹೋದೆ, ಮಗನನ್ನು ಕರೆಸಿಕೊಡಿ ಅಂತ ಅರ್ಜಿ ಕೊಡಲು. ನನ್ನ ಹಾಳೆಗೆ ಲ್ಯಾಮಿನೇಷನ್ ಮಾಡಿಸಿದ್ದಾರೆ. ದೇವರ ಪಟದ ಹಾಗೆ ಎದೆಗೆ ಹಿಡಿದುಕೊಂಡಿದ್ದರು.

ಕಚೇರಿಯ ಗವಿಸಿದ್ದಪ್ಪ ಅನ್ನುವವರು ಓದಿದರು. "ಇದನ್ನ ಯಾರು ಬರ್ದಿದ್ದಮ್ಮಾ?"

"ಈ ಕೂಸs ರೀ," ಹುಸೇನಮ್ಮ ನನ್ನ ಬೆನ್ನು ಮುಟ್ಟಿ ಮುಂದೆ ತಳ್ಳಿದರು. "ಭಾಳ ಓದೈತ್ರಿ."

"ಇದ್ರಾಗ ಮಿಲಿಟರಿ ಅಂತ ಎಲ್ಲೂ ಇಲ್ಲಲ್ಲ. ಹಂಗಾದ್ರ ಅವ್ರs ಮೋಸ ಮಾಡ್ಯಾರ."

"ಹೂನ್ರೀ. ನಮ್ಮ ಕಾಗದ ಸರಿ ಐತ್ರಿ."

ನನ್ನ ಬಾಯಿ ತೆರೆಯಿತು. ಗವಿಸಿದ್ದಪ್ಪ ಅರ್ಜಿಗೆ ಸೀಲು ಹೊಡೆದು, ಮೇಲಕ್ಕೆ ಕಳಿಸುತ್ತೇವೆ ಅಂದರು. ಬಸ್ಸಿನಲ್ಲಿ ಹುಸೇನಮ್ಮ ಪೇರಲಹಣ್ಣು ಮುರಿದು ದೊಡ್ಡ ಹೋಳು ನನಗೆ ಕೊಟ್ಟರು.

ಜುಲೈ 9

ಪ್ರಧಾನಿ ಮಾಸ್ಕೋದಲ್ಲಿದ್ದಾರೆ. ರಷ್ಯಾ ಸೈನ್ಯದಲ್ಲಿ ಸಿಕ್ಕಿಕೊಂಡ ನಮ್ಮವರನ್ನು ಬಿಡುತ್ತಾರಂತೆ, ಎಲ್ಲ ಚಾನೆಲ್‌ನಲ್ಲೂ ಅದೇ. ಎಷ್ಟೋ ತಿಂಗಳ ಮೇಲೆ ಟಿವಿ ಹಚ್ಚಿದ್ದೇವೆ. ಹುಸೇನಮ್ಮ ಗದ್ದೆಯಿಂದಲೇ ಫೋನ್ ಮಾಡಿ ಅತ್ತರು, ನಕ್ಕರು. ಅಮ್ಮ ಪಾಯಸ ಮಾಡಿದಳು.

ಅಪ್ಪ ತಿನ್ನಲಿಲ್ಲ. "ಆ ದಿನ ಮೂರನೇ ಪುಟ ನನಗ ತಿಳೀಲಿಲ್ಲವ್ವ. ರಾಣಿ ಸ್ನಾನದ ಮನಿ, ಆನಿ ಲಾಯ, ಇಲ್ಲೆ ಫೋಟೋ ತಗೀರಿ — ನನ್ನ ರಷ್ಯನ್ ಅಷ್ಟ. ಹುಸೇನಮ್ಮ ಎದುರಿಗೆ ಕೂತಿದ್ಲು. ತಿಳೀವಲ್ದು ಅನ್ಲಿಕ್ಕೆ ಬಾಯಿ ಬರ್ಲಿಲ್ಲ."

ನಾನು ಹೇಳಿದ್ದೆನಲ್ಲ ಅನ್ನಲಿಲ್ಲ. ಹೇಳಿದ್ದು ಅಪ್ಪನಿಗೆ. ಹೇಳಬೇಕಾದವನಿಗಲ್ಲ.

ಆಗಸ್ಟ್ 3. ಬೆಳಿಗ್ಗೆ 10.30

ಹುಸೇನಮ್ಮ ಬಂದಿದ್ದಾರೆ. ಫೋನಿನಲ್ಲಿ ಒಂದು ರಷ್ಯನ್ ಕಾಗದ. ಒಂದೇ ಪುಟ, ಕೆಳಗೆ ಸೀಲು. "ವಾಪಸ್ ಕಳ್ಸೋ ಆರ್ಡರ್ ಇರ್ಬೇಕ್ರಿ ಸರ. ಟಿವ್ಯಾಗ ಹೇಳಿದ್ರಲ್ಲ."

ಅಪ್ಪ ಕನ್ನಡಕ ಹಾಕಿಕೊಂಡರು. ತೆಗೆದರು. "ನನಗ ಓದ್ಲಿಕ್ಕೆ ಬರೂದಿಲ್ಲವ್ವ. ಮೊದಲೂ ಬರ್ತಿರ್ಲಿಲ್ಲ."

ಹುಸೇನಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅಪ್ಪ ಫೋನನ್ನು ನನಗೆ ಕೊಟ್ಟರು. "ಏನದ ಅಷ್ಟ ಬರಿ."

ಆ್ಯಪಿಗೆ ಹಾಕಿದೆ. ನಾಲ್ಕು ಸಾಲು. ಹೆಸರು ಸರಿಯಿದೆ. ಊರು ಸರಿಯಿದೆ. ದಿನಾಂಕ ಜೂನ್ 14. ನಾವು ಪಾಯಸ ಮಾಡಿದ ದಿನ ಅವನು ಇರಲೇ ಇಲ್ಲ. ಎರಡು ಸಲ ಓದಿದೆ, ಮೂರು ಸಲ. ಆ ಪದಕ್ಕೆ ಆ್ಯಪ್ ಒಂದೇ ಅರ್ಥ ಕೊಡುತ್ತಿದೆ.

ಹಾಳೆ ತರುತ್ತೇನೆಂದು ಒಳಗೆ ಬಂದಿದ್ದೇನೆ. ಇದೇ ನೋಟ್‌ಬುಕ್ಕಿನಿಂದ ಹರಿಯಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ. ಆಮೇಲೆ ಹೊರಗೆ ಹೋಗಿ ಇದನ್ನೂ ಓದಬೇಕು, ಮೂರನೆಯ ಪುಟವನ್ನೂ ಓದಬೇಕು. ನಾನೇ. ಬಾಯಿಬಿಟ್ಟು.

ಪಡಸಾಲೆಯಿಂದ ಹುಸೇನಮ್ಮನ ಧ್ವನಿ: "ಅವಸರ ಇಲ್ಲ ತಾಯಿ. ಹೋದ್ಸಲದಂಗ ಚಂದಾಗಿ ಬರಿ."

ಎಮ್ಮಿಗನೂರಿನ ಹೊನ್ನೂರುಸ್ವಾಮಿ, ವಯಸ್ಸು 27, ಜೂನ್ 14ರಂದು