ಬಳೆ ತೊಟ್ಟ ಕೈಯ ಬಿ.ಪಿ.

ಮನೆಯಿಂದ, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ಕೆಮ್ಮು ನಿಂತಿತೇ? ಹಾಸ್ಟೆಲಿನವರು ಬಿಸಿನೀರು ಕೊಡುತ್ತಾರೋ, ಇಲ್ಲಾ ಇನ್ನೂ ತಣ್ಣೀರಲ್ಲೇ ಮಿಂದು ಒದ್ದೆ ಕೂದಲು ಕಟ್ಟಿಕೊಂಡು ಓಡುತ್ತೀಯೋ? ನನಗೆ ಮಂಡಿನೋವು ಬಿಟ್ಟರೆ ಬೇರೇನೂ ಇಲ್ಲ. ಬಿ.ಪಿ.ಯಂತೂ ಎಷ್ಟು ಚೆನ್ನಾಗಿದೆಯೆಂದರೆ ಅದನ್ನು ನಿನ್ನ ಅಪ್ಪ ಕದ್ದಿದ್ದಾನೆ. ಹೌದು, ಕದ್ದಿದ್ದಾನೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಇದಕ್ಕಿಂತ ನಯವಾದ ಪದ ಗೊತ್ತಿಲ್ಲ.

ಬಂದರಿನಲ್ಲಿ ಕ್ರೇನ್ ಓಡಿಸುವವರು ವರ್ಷಕ್ಕೊಮ್ಮೆ ಕಣ್ಣು ತೋರಿಸಬೇಕಲ್ಲ. ಹೋದ ತಿಂಗಳು ಅವನು ಹೊರಟಾಗ ನನ್ನ ಕನ್ನಡಕಕ್ಕೆಂದು ನಾನೂ ಹೋಗಿದ್ದೆ. ಡಾಕ್ಟರಮ್ಮ ಅವನ ಕಣ್ಣಿಗೆ ಹನಿ ಹಾಕಿ, ದೀಪ ಹಿಡಿದು ನೋಡಿ, “ದೃಷ್ಟಿ ಸರಿಯಿದೆ. ಆದ್ರೆ ಕಣ್ಣಿನ ಹಿಂದಿರೋ ಸಣ್ಣ ರಕ್ತನಾಳಗಳು ಸಪೂರ ಆಗಿವೆ. ಕೆಲವರಲ್ಲಿ ಬಿ.ಪಿ. ಏರೋದಕ್ಕೆ ಮುಂಚೆನೇ ಹೀಗೆ ಕಾಣುತ್ತೆ” ಎಂದರು. ನಾನು ಸುಮ್ಮನಿರುತ್ತೇನೆಯೇ? “ಬಿ.ಪಿ. ಬಂದಮೇಲೆ ತಾನೇ ನಾಳ ಕೆಡೋದು?” ಎಂದೆ. “ಅದೂ ಹೌದು, ಇದೂ ಹೌದಮ್ಮ. ನಾಳ ಸಪೂರ ಆದ್ರೆ ರಕ್ತ ದಾಟೋಕೆ ಒತ್ತಡ ಜಾಸ್ತಿ ಬೇಕು. ಒತ್ತಡ ಜಾಸ್ತಿ ಆದ್ರೆ ನಾಳದ ಗೋಡೆ ಇನ್ನೂ ದಪ್ಪ ಆಗುತ್ತೆ. ಎಲ್ಲರಿಗೂ ಬಂದೇ ಬರುತ್ತೆ ಅಂತಲ್ಲ. ಬಂದ್ರೆ ಬೇಗ ಹಿಡೀಬಹುದು. ದಿನಾ ಮನೇಲಿ ಬಿ.ಪಿ. ನೋಡಿ ಯಂತ್ರದ ಫೋಟೋ ಕಳಿಸಿ” ಎಂದರು.

ಮರುದಿನದಿಂದ ನಿನ್ನ ಅಪ್ಪನ ಮಾತೃಭಕ್ತಿ ನೋಡಬೇಕಿತ್ತು! ನೀನು ತಂದುಕೊಟ್ಟ ಬಿ.ಪಿ. ಯಂತ್ರ ಹಿಡಿದು, “ಮೊದ್ಲು ನಿಂದು ನೋಡೋಣಮ್ಮ, ಆಮೇಲೆ ನಂದು” ಎಂದು ಬೆಳಗಾದರೆ ನನ್ನ ತೋಳಿಗೆ ಪಟ್ಟಿ ಸುತ್ತುತ್ತಿದ್ದ. ನಾನೋ ಪಕ್ಕದ ಮನೆಯ ಟೈಲರಮ್ಮನ ಮುಂದೆ ಮಗನೆಂದರೆ ಹೀಗಿರಬೇಕು ಎಂದು ಜಂಬ ಕೊಚ್ಚಿದ್ದೇ ಕೊಚ್ಚಿದ್ದು. ನಿನ್ನೆ ಮಧ್ಯಾಹ್ನ ಅವನ ಫೋನು ಹೊಡೆದುಕೊಂಡಿತು. ಕ್ರೇನಿನ ಮೇಲೆ ಫೋನು ಒಯ್ಯುವಂತಿಲ್ಲವಲ್ಲ, ಮನೆಯಲ್ಲೇ ಬಿಟ್ಟಿದ್ದ. ಡಾಕ್ಟರಮ್ಮ! “ಅಮ್ಮ, ನಿಮ್ಮ ಮಗ ಹಸಿರು ಬಳೆ ತೊಡ್ತಾರಾ? ಫೋಟೋದಲ್ಲಿ ಯಂತ್ರದ ಪಕ್ಕ ಕಾಣ್ತಿದೆ” ಎಂದರು. ನಾನು ನನ್ನ ಕೈ ನೋಡಿಕೊಂಡೆ. ಹಸಿರು ಬಳೆ ನನ್ನದೇ, ಅವನು ಇಷ್ಟು ದಿನ ಕಳಿಸಿದ್ದೂ ನನ್ನ ಬಿ.ಪಿ.ಯೇ!

ಸಂಜೆ ಕೇಳಿದರೆ, “ಸುಮ್ನಿರಮ್ಮ, ಬಿ.ಪಿ. ಅಂತ ಗೊತ್ತಾದ್ರೆ ಕ್ರೇನಿಂದ ಕೆಳಗಿಳಿಸಿ ಗೇಟಲ್ಲಿ ಕೂರಿಸ್ತಾರೆ” ಎಂದ. ಕೂರಿಸಲಿ! ಅಷ್ಟೆತ್ತರದಲ್ಲಿ ತಲೆ ತಿರುಗಿದರೆ ಕೆಳಗೆ ನಿಂತವರ ನೆತ್ತಿ ಮೇಲೆ ಕಂಟೇನರ್ ಬೀಳುವುದಿಲ್ಲವೇ? ನಿನ್ನ ಅಮ್ಮನಿಗೂ ಗೊತ್ತಿತ್ತಂತೆ, ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಆ ಬಂದರಿನ ಸಾಹೇಬರನ್ನು ನೆನೆದರೂ ನನಗೆ ಮೈಯೆಲ್ಲ ಉರಿಯುತ್ತದೆ. ಮುಂಚೆಯೇ ಬಾಯಿಬಿಟ್ಟವನಿಗೆ ಶಹಬ್ಬಾಸ್ ಎನ್ನುವುದು ಬಿಟ್ಟು, ಹೆದರಿಸಿ ಸುಳ್ಳು ಕಲಿಸಿದ್ದಾರೆ. ಫೋನಿನಲ್ಲಿ ನಿನಗೆ ಹೇಳೋಣವೆಂದರೆ ನಿನ್ನ ಅಮ್ಮ ಎದುರಿಗೇ ನಿಂತು ಕಣ್ಸನ್ನೆ ಮಾಡುತ್ತಾಳೆ. ಅದಕ್ಕೇ ಈ ಕಾಗದ. ನಿಮ್ಮ ಹಾಸ್ಟೆಲಿಗೆ ಬರುವ ಹಾಲಿನ ವ್ಯಾನಿನವನ ಕೈಗೆ ಕೊಡುತ್ತೇನೆ.

ಹೊಟ್ಟೆ ತುಂಬ ಉಣ್ಣು, ನೂರು ಕಾಲ ಗಟ್ಟಿಯಾಗಿರು.

ಸಿಟ್ಟಿನಲ್ಲೂ ನಿನ್ನನ್ನೇ ನೆನೆಯುವ,
ಅಜ್ಜಿ

ತಾ.ಕ.: ಇಷ್ಟು ಬರೆದ ಮೇಲೆ ನಿನ್ನ ಅಪ್ಪನ ತೋಳಿಗೇ ಪಟ್ಟಿ ಸುತ್ತಿಸಿದೆ. ನೂರ ಎಪ್ಪತ್ತು ದಾಟಿತ್ತು. ಸ್ವಲ್ಪ ಹೊತ್ತು ಕೂರಿಸಿ ನೋಡಿದರೂ ಅಷ್ಟೇ. “ಯಂತ್ರ ಕೆಟ್ಟಿದೆ” ಎಂದ. ನನ್ನ ಕೈಗೆ ಕಟ್ಟಿ ತೋರಿಸಿದೆ, ಕೆಟ್ಟಿಲ್ಲ. ಆದರೂ ಕೆಲಸಕ್ಕೆ ಹೊರಟಿದ್ದಾನೆ. ಕಬ್ಬಿಣದ ಮೂತಿಯ ಬೂಟಿಲ್ಲದಿದ್ದರೆ ಬಂದರಿನ ಗೇಟಿನೊಳಗೆ ಬಿಡುವುದಿಲ್ಲ ತಾನೇ? ಎರಡೂ ನನ್ನ ಮಂಚದ ಕೆಳಗಿವೆ, ಮಂಚದ ಮೇಲೆ ನಾನಿದ್ದೇನೆ. ಮನೆಯೆಲ್ಲ ಜಾಲಾಡುತ್ತಿದ್ದಾನೆ. ವ್ಯಾನಿನವನು ಹಾರನ್ ಹೊಡೆಯುತ್ತಿದ್ದಾನೆ, ಕಾಗದ ಕಿಟಕಿಯಿಂದಲೇ ಕೊಡುತ್ತೇನೆ. ನಿನ್ನ ಅಪ್ಪ ಕೇಳುವುದು ನಿನ್ನ ಮಾತೊಂದನ್ನೇ. ಮೊದಲ ಬಸ್ಸಿಗೇ ಬಂದು ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗು. ನಾನು ಎಷ್ಟು ಹೊತ್ತು ಅಂತ ಏಳದೆ ಕೂತಿರಲಿ!