ಕಟ್ಟೆಯ ಮೇಲಿನ ಅರವತ್ತು ಮನೆ

ಕಾಲುವೆ ಒಡೆದ ಮೇಲಿನ ನೂರ ಹದಿನೇಳನೆಯ ವರ್ಷ, ಹದಿಮೂರನೆಯ ತಿಂಗಳು, ಗುರುವಾರ ಇಳಿಹೊತ್ತು

ಸಾಬವ್ವಜ್ಜಿಗೆ ನಿನ್ನ ಮೊಮ್ಮಗಳ ಮೊಮ್ಮಗಳು ಮಾನಮ್ಮ ಮಾಡುವ ನಮಸ್ಕಾರಗಳು.

ವರ್ಷಕ್ಕೆ ಹದಿಮೂರು ತಿಂಗಳು ಹೇಗಾದವು ಎಂದು ಕೇಳಬೇಡ, ಅದು ದೊಡ್ಡ ಕಥೆ. ಇಲ್ಲಿಯ ಕೆಲವು ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೋ. ಇದಕ್ಕೆ ಹಿಂದೋಲೆ ಎನ್ನುತ್ತೇವೆ. ಸತ್ತವರಿಗೆ, ಅವರು ಬದುಕಿದ್ದ ಕಾಲಕ್ಕೆ ಕಳಿಸುವ ಓಲೆ. ಜನ್ಮಕ್ಕೆ ಒಂದೇ ಸಿಗುತ್ತದೆ. ಯಾರದಾದರೂ ಮುಟ್ಟಿತೆಂಬ ಸುದ್ದಿಯನ್ನು ನಾನಂತೂ ಕೇಳಿಲ್ಲ. ಆದರೂ ಬರೆಯುತ್ತಿದ್ದೇನೆ. ಒಂಬತ್ತು ವರ್ಷದ ನನ್ನ ಮಗಳು ಹುಲಿಗೆವ್ವನಿಗೆ ಚಳಿಜ್ವರ ಹಿಡಿದು ಇಂದಿಗೆ ಹನ್ನೊಂದು ದಿನ, ನಾನು ತಟ್ಟದ ಬಾಗಿಲು ಇನ್ನೊಂದು ಉಳಿದಿಲ್ಲ.

ನೀನು ಊರಿನ ಆಶಾ ಕಾರ್ಯಕರ್ತೆ. ಕಾಲುವೆ ಓಣಿಯ ಅರವತ್ತು ಮನೆ ನಿನ್ನ ಪಾಲಿಗೆ. ತೊಟ್ಟಿಯ ನೀರು ಬಗ್ಗಿ ನೋಡುವುದು, ಸೊಳ್ಳೆಮರಿ ಇದ್ದರೆ ಚೆಲ್ಲಿಸುವುದು, ಜ್ವರ ಬಂದವರ ಬೆರಳು ಚುಚ್ಚಿ ರಕ್ತ ತೆಗೆಯುವುದು, ಎಲ್ಲವನ್ನೂ ಸರ್ಕಾರದ ಫೋನಿಗೆ ತುಂಬುವುದು. ಓಣಿಯಲ್ಲಿ ನೆಟ್‌ವರ್ಕ್ ಇರಲಿಲ್ಲ. ಅಲ್ಲೇ ತುಂಬಿಟ್ಟ ಒಂದು ದಿನದ ಕೆಲಸವನ್ನೆಲ್ಲ ಆ ಫೋನು ನುಂಗಿ ಕೂತಿತ್ತಂತೆ. ಅಂದಿನಿಂದ ನೀನು ಮನೆಮನೆಯಲ್ಲಿ ನೋಟ್‌ಬುಕ್ಕಿಗೆ ಬರೆದುಕೊಂಡು, ನೆಟ್‌ವರ್ಕ್ ಸಿಗುತ್ತಿದ್ದ ಊರ ಮೇಲಿನ ಬೇವಿನಕಟ್ಟೆಗೆ ಬಂದು ಕೂತು, ನೆರಳಲ್ಲಿ ಒಂದೊಂದೇ ಮನೆಯನ್ನು ಫೋನಿಗೆ ಒತ್ತುತ್ತಿದ್ದೆ. ಈ ಕಥೆಯನ್ನು ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತ ಬಂದಿದ್ದಾರೆ. ‘ಒಂದು ತಾಸಿನ್ಯಾಗ ಅರವತ್ತು ಮನಿ ಮುಗಿಸಿನ್ರೀ’ ಎಂದು ನೀನು ಮೇಲಿನವರಿಗೆ ಹೇಳಿದ್ದನ್ನು ನನ್ನವ್ವ ನಿನ್ನ ದನಿಯಲ್ಲೇ ಆಡಿ ತೋರಿಸಿ ನಗುತ್ತಿದ್ದಳು. ನಾನೂ ನಕ್ಕಿದ್ದೇನೆ.

ಆ ಫೋನು ನೀನು ಬರೆದದ್ದನ್ನಷ್ಟೇ ಅಲ್ಲ, ನೀನು ಕೂತ ಜಾಗವನ್ನೂ ಬರೆದುಕೊಳ್ಳುತ್ತಿತ್ತು, ಅಜ್ಜಿ. ಅದರ ನಕ್ಷೆಯಲ್ಲಿ ಅರವತ್ತು ಮನೆಯೂ ಕಟ್ಟೆಯ ಮೇಲೆ. ಓಣಿ ಖಾಲಿ ಬಯಲು. ನಿನ್ನ ಕಾಲದಲ್ಲಿ ನೀನಿದ್ದೆ, ಔಷಧಿಯ ಚೀಲ ಹೊತ್ತು ಬಾಗಿಲಿಗೆ ಹೋಗುತ್ತಿದ್ದೆ, ಹಾಗಾಗಿ ಯಾರಿಗೂ ತೊಂದರೆಯಾಗಲಿಲ್ಲ. ನಿಮ್ಮ ನಂತರ ಈ ಕೆಲಸದಿಂದ ಮನುಷ್ಯರನ್ನು ಬಿಡಿಸಿದರು. ಹಳೆಯ ಲೆಕ್ಕದಿಂದಲೇ ಪಾಠ ಕಲಿತ ಯಂತ್ರಗಳು ಬಂದವು. ಆ ಲೆಕ್ಕಕ್ಕೆ ಈಗ ಮೂಲಲೆಕ್ಕ ಎಂದು ಹೆಸರು. ಅದನ್ನು ತಿದ್ದುವ ಅಧಿಕಾರ ಯಾರಿಗೂ ಇಲ್ಲ, ಅದಕ್ಕೆ ಹೊಂದದ ಹೊಸ ಮಾತನ್ನು ಯಂತ್ರ ತಪ್ಪೆಂದು ಅಳಿಸಿಹಾಕುತ್ತದೆ.

ಕಾಲುವೆ ಒಡೆದಂದಿನಿಂದ ಓಣಿಯಲ್ಲಿ ನೀರು ನಿಂತೇ ಇದೆ. ಸಂಜೆಯಾದರೆ ಬಾಯಿ ತೆರೆಯುವ ಹಾಗಿಲ್ಲ, ಸೊಳ್ಳೆ ಒಳಗೆ ಹೋಗುತ್ತವೆ. ಬೇರೆ ಕಡೆ ಹೋಗೋಣವೆಂದರೆ ಮೂಲಲೆಕ್ಕದಲ್ಲಿ ಜಾಗವಿಲ್ಲದವರನ್ನು ಯಾವ ಊರೂ ಒಳಗೆ ಬಿಡುವುದಿಲ್ಲ. ಪ್ರತಿ ಗುರುವಾರ ‘ತೂರಿ’ ಎಂಬುದೊಂದು ಹಾರಿ ಬರುತ್ತದೆ. ಅದು ಸೊಳ್ಳೆಯ ಔಷಧಿ ಸಿಂಪಡಿಸುವ ಯಂತ್ರ. ಬಂದು, ನಮ್ಮ ತಲೆಯ ಮೇಲೇ ದಾಟಿ, ಬೇವಿನಕಟ್ಟೆಗೆ ಮೂರು ಸುತ್ತು ಹಾಕಿ, ಕಲ್ಲಿಗೆ ಔಷಧಿ ಹೊಡೆದು ಹೋಗುತ್ತದೆ. ಬೇವು ಒಣಗಿ ಬಿದ್ದು ಮೂವತ್ತು ವರ್ಷವಾಯಿತು. ಕಟ್ಟೆಗೆ ಮಲೇರಿಯಾ ಬಂದಿಲ್ಲ, ಸಂತೋಷ.

ಗುಳಿಗೆ ಕೊಡುವುದು ಊರ ಬಾಗಿಲಲ್ಲಿರುವ ಲೆಕ್ಕಪೆಟ್ಟಿಗೆ. ಜ್ವರ ಎಂದೆ. ಎಲ್ಲಿ ಎಂದು ಕೇಳಿತು. ಕಾಲುವೆ ಓಣಿ ಎಂದೆ. ಅಲ್ಲಿ ಮನೆಗಳಿಲ್ಲ ಎಂದಿತು. ನಾಲ್ಕನೆಯ ದಿನ ಮರ್ಯಾದೆ ಬಿಟ್ಟು ಸುಳ್ಳು ಹೇಳಿದೆ, ಕಟ್ಟೆಯ ಮೇಲೆ ಎಂದೆ. ಕಟ್ಟೆಯ ಅರವತ್ತೂ ಮನೆಯವರಿಗೆ ಗುಳಿಗೆ ಮುಟ್ಟಿದೆ, ಎಲ್ಲರೂ ಗುಣವಾಗಿದ್ದಾರೆ ಎಂದು ಒಬ್ಬೊಬ್ಬರ ಹೆಸರನ್ನೂ ಓದಿತು. ಅವರೆಲ್ಲ ಸತ್ತು ನೂರು ವರ್ಷ. ಪಟ್ಟಿಯ ಕೊನೆಯ ಹೆಸರು ನಿನ್ನದು. ಅಜ್ಜಿ, ಓಣಿಯ ಕೊನೆಯ ಮನೆ ನಿನ್ನದೇ ಆಗಿತ್ತು. ನಿನ್ನ ಮನೆಯನ್ನೂ ನೀನು ಕಟ್ಟೆಯ ಮೇಲೆಯೇ ಕೂತು ಒತ್ತಿದ್ದೆ. ಆ ಮನೆಯಲ್ಲೇ ನನ್ನ ಮಗಳು ಕಂಬಳಿ ಹೊದ್ದು ನಡುಗುತ್ತ ಬಿದ್ದಿದ್ದಳು.

ನಿನ್ನ ಮೇಲೆ ಸಿಟ್ಟಿದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಉರಿಬಿಸಿಲಲ್ಲಿ ಅರವತ್ತು ಮನೆ ತಿರುಗಿದ ಕಾಲಿಗೆ ನೆರಳು ಬೇಕಿತ್ತು, ಅದೂ ಗೊತ್ತು. ನಿನ್ನ ಜಾಗದಲ್ಲಿ ನಾನಿದ್ದರೂ ಅಲ್ಲೇ ಕೂತಿರುತ್ತಿದ್ದೆ.

ಯಂತ್ರದ ಕಣ್ಣಿಗೆ ಅಲ್ಲಾದರೂ ಬೀಳಲಿ ಎಂದು ಇವತ್ತು ಹುಲಿಗೆವ್ವನನ್ನು ಹೊತ್ತು ತಂದು ಕಟ್ಟೆಯ ಮೇಲೆ, ನೀನು ಕೂರುತ್ತಿದ್ದ ಮೂಲೆಯಲ್ಲೇ ಮಲಗಿಸಿದ್ದೇನೆ. ತೂರಿ ಬಂದು ಅವಳ ಮೇಲೂ ಔಷಧಿ ಹೊಡೆದು ಹೋಯಿತು. ಮುಖ ಒರೆಸಿದೆ. ಕಣ್ಣು ತೆರೆಯಲಿಲ್ಲ.

ಇದು ನಿನಗೆ ಮುಟ್ಟಿದರೆ, ಅಜ್ಜಿ, ಕಟ್ಟೆಯಿಂದ ಏಳು. ಓಣಿಗೆ ಇಳಿ. ಒಂದೊಂದು ಬಾಗಿಲಲ್ಲಿ ನಿಂತು ಒತ್ತು, ಫೋನು ನುಂಗಿದರೆ ಮರುದಿನ ಮತ್ತೆ ಹೋಗಿ ಒತ್ತು. ಎಲ್ಲ ಆಗದಿದ್ದರೆ ಕೊನೆಯ ಮನೆಯೊಂದನ್ನಾದರೂ ಅದರ ಹೊಸ್ತಿಲಲ್ಲೇ ನಿಂತು ಬರೆ. ನೀನು ಬರೆದ ಗಳಿಗೆಯಲ್ಲೇ ಇಲ್ಲಿ ಎಲ್ಲ ಬದಲಾಗಬೇಕು, ಹುಲಿಗೆವ್ವನ ಜ್ವರ ಬಿಟ್ಟು ಮೈ ಬೆವರಬೇಕು. ಓಲೆ ಮುಗಿಯಿತು. ಅವಳ ಹಣೆಯ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದೇನೆ. ಇನ್ನೂ ಒಣಗಿಯೇ ಇದೆ.