ಮಾತು ಮರೆತ ಮಹಾರಾಜ

ವಡಾಲ, ಮುಂಬಯಿ
೨೩ ಜುಲೈ ೨೦೨೪

ಪವಾಯಿಯ ಗೇಮ್ ಕಂಪನಿಯಲ್ಲಿ ನೆರೆದಿರುವ ಸಮಸ್ತ ಸಭಾಸದರೇ, ಕೀಬೋರ್ಡುಗಳನ್ನು ಬದಿಗಿಟ್ಟು ಇತ್ತ ಕಿವಿಗೊಡಿ!

ಚಂದ್ರಾಮ, ಪತ್ರ ನಿನಗೇ. ಮಗಳು ವಿಭಾ ಇದರ ಫೋಟೊ ತೆಗೆದು ಈಗಲೇ ಕಳಿಸುತ್ತಾಳೆ. ಆಫೀಸಿನವರೆಲ್ಲರ ಎದುರು ಗಟ್ಟಿಯಾಗಿ ಓದು. ಕನ್ನಡ ಬಾರದವರಿಗೆ ಹಿಂದಿಯಲ್ಲಿ ಹೇಳು. ಹನ್ನೊಂದು ವರ್ಷದ ಹಿಂದೆ ನನ್ನ ಮಾನ ಹೋದದ್ದೂ ತುಂಬಿದ ಸಭೆಯಲ್ಲೇ.

ನಮ್ಮ ಕನ್ನಡ ಸಂಘದ ನಾಟಕ. ನಾನು ಮಹಾರಾಜ, ನೀನು ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದು ಮಾತು ಎತ್ತಿಕೊಡುವವನು. ಕೊನೆಯ ಅಂಕದಲ್ಲಿ ನನಗೆ ಮಾತು ಮರೆಯಿತು. ನಿನ್ನತ್ತ ವಾಲಿದೆ. ನೀನು ತುಟಿ ಬಿಚ್ಚಲಿಲ್ಲ. ಮೂರನೇ ಸಾಲಿನಿಂದ ನೀಲಾಬಾಯಿ, "ಮಹಾರಾಜರಿಗ ಒಂದ್ ಕಟಿಂಗ್ ಚಾ ಕೊಡ್ರಪಾ, ನೆನಪಾದೀತು" ಅಂದಳು. ಆ ನಗು ಇನ್ನೂ ಕಿವಿಯಲ್ಲಿದೆ. ಅಂದೇ ಎಲ್ಲರೆದುರು ನಿನ್ನನ್ನು ಸಂಘದಿಂದ ಹೊರಗೆ ಹಾಕಿಸಿದೆ.

ಈಗ ನೀನು ಸೇಡು ತೀರಿಸಿಕೊಂಡೆ. ವಿಭಾ ಹಾಕಿಕೊಟ್ಟ ಆನ್‌ಲೈನ್ ಆಟದಲ್ಲಿ ಆಡುವವನಿಗೊಪ್ಪಿಸುವ ಒಂದು ಸಾಹಸ, ಕ್ವೆಸ್ಟ್ ಅಂತೆ: 'ಮಾತು ಮರೆತ ಮಹಾರಾಜ'. ಬರೆದವನು ನೀನು, ಕೆಳಗೆ ಹೆಸರೇ ಇದೆ. ಅರಸನ ಮಾತಿನ ಹಾಳೆ ಹುಡುಕಿ ತರಬೇಕು. ಚೂರುಗಳು ತೋಳಗಳ ಹೊಟ್ಟೆಯಲ್ಲಿ. ಕಾಗದ ತಿನ್ನಲು ಅದೇನು ಮೇಕೆಯೇ? ಇಪ್ಪತ್ತು ತೋಳ ಕೊಂದರೆ ಒಂದು ಚೂರು. ಬೇಕಾದದ್ದು ಹನ್ನೆರಡು. ಅಂಟು ಪೂರ್ವದ ಕೋಟೆಯಲ್ಲಿ, ಅದನ್ನು ಹಚ್ಚುವ ಕುಂಚ ಪಶ್ಚಿಮದ ಕೋಟೆಯಲ್ಲಿ. ಎಲ್ಲ ಅಂಟಿಸಿ ಕೊಟ್ಟರೆ ಅರಸ ಕೇಳುತ್ತಾನೆ: ಹರಿದವರು ಯಾರು?

ಉತ್ತರ ಮೂರು. ಗಾಳಿ ಹರಿಯಿತು. ಕಳ್ಳ ಹರಿದ. ನಾನೇ ಹರಿದೆ.

ಗಾಳಿ ಎಂದೆ, ಹಾಳೆ ಮಾಯ, ಮತ್ತೆ ತೋಳ. ಕಳ್ಳ ಎಂದೆ, ಮತ್ತೆ ತೋಳ. ಈಗ ಮೂರನೇ ಸಲ ಅದೇ ಪ್ರಶ್ನೆಯ ಮುಂದೆ ನಿಂತಿದ್ದೇನೆ. ಪ್ರಾಣ ಒತ್ತೆಯಿಟ್ಟು ತಂದುಕೊಟ್ಟವನೇ ಹರಿದೆನೆಂದು ಒಪ್ಪಬೇಕೇ? ಯಾವ ನ್ಯಾಯ ಇದು? "ಪಪ್ಪಾ, ಗೇಮಲ್ಲೇ ಏನೋ ಬಗ್ ಇರ್ಬೇಕು, ಛೋಡ್ ದೋ ನಾ" ಎಂದಳು ವಿಭಾ. ಅವಳಿಗೇನು ಗೊತ್ತು. ಇದು ನನಗೊಬ್ಬನಿಗೇ ಹೆಣೆದ ಬಲೆ. ಏಳುನೂರ ಇಪ್ಪತ್ತು ತೋಳಗಳ ರಕ್ತ ನಿನ್ನ ತಲೆಯ ಮೇಲಿದೆ. ಆ ಮೂರನೆಯದನ್ನು ಈ ದಾನಪ್ಪ ಒತ್ತುವುದಿಲ್ಲ.

ನಾಳೆ ಅದೇ ಕಿರೀಟ ತೊಟ್ಟು, ಗದೆ ಹೊತ್ತು ಲೋಕಲ್ ರೈಲು ಹತ್ತುತ್ತೇನೆ. ನಿನ್ನ ಗೇಟಿನಲ್ಲೇ ಯುದ್ಧ.

ಇತಿ,
ನಿನ್ನ ಆಜನ್ಮ ವೈರಿ,
ದಾನಪ್ಪ

ತಾ.ಕ.: ಇದನ್ನೂ ಗಟ್ಟಿಯಾಗಿಯೇ ಓದು. ಮೂರನೆಯದನ್ನು ಒತ್ತಿಬಿಟ್ಟೆ. ಅರಸ ಎದ್ದು ನಿಂತು ಮಾತಾಡಿದ. ಅಂದು ನನಗೆ ಮರೆತಿದ್ದ ಅದೇ ಮಾತು. ಮಂತ್ರಿಯ ಪಾತ್ರದ ಮರೆಪ್ಪ ತಡವರಿಸಲಿ ಎಂದು ನಿನ್ನ ಪುಸ್ತಕದಿಂದ ಅವನ ಮಾತಿನ ಹಾಳೆ ಹರಿದವನು ನಾನೇ. ಅದೇ ಹಾಳೆಯ ಹಿಂಬದಿಯಲ್ಲಿ ನನ್ನ ಮಾತಿದ್ದದ್ದನ್ನು ನೋಡಲಿಲ್ಲ. ಮರೆಪ್ಪನಿಗೆ ಎಲ್ಲ ಬಾಯಿಪಾಠವಿತ್ತು. ಹರಿದವನು ನಾನೆಂದು ನಿನಗೆ ಗೊತ್ತಿತ್ತು, ಆದರೂ ಯಾರಿಗೂ ಹೇಳದೆ ಹೋದೆ. ಹಾಳೆ ಇನ್ನೂ ನನ್ನ ಟ್ರಂಕಿನಲ್ಲಿದೆ. ನಾಳೆ ಬೆಳಿಗ್ಗೆ ಗದೆಯನ್ನು ಮನೆಯಲ್ಲಿ ಬಿಟ್ಟು ಅದನ್ನು ತರುತ್ತೇನೆ.